ಇನ್ನೂ ಅಭ್ಯಾಸ ಬೇಕು

ನಾನು ಓದುತ್ತಿರುವುದು ಆಕ್ಯುಪೇಷನಲ್ ಥೆರಪಿ. ಹಾಗೆಂದರೇನು ಎಂದು ಕೇಳದ ಮನುಷ್ಯರನ್ನು ನಾನಿನ್ನೂ ಕಂಡಿಲ್ಲ. ಮೊದಲ ವರ್ಷ ಸಮಾಧಾನವಾಗಿ ವಿವರಿಸುತ್ತಿದ್ದೆ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ತಾಳ್ಮೆ ತೀರಿ, "ಬಿದ್ದವರಿಗೆ ಎದ್ದ ಮೇಲೆ ಚಹಾ ಮಾಡ್ಕೊಂಡು ಕುಡಿಯೋದು ಕಲಿಸ್ತೀನಿ" ಎಂದು ಮುಗಿಸಿಬಿಡುತ್ತಿದ್ದೆ. ಬಿದ್ದವರನ್ನು ಎಬ್ಬಿಸಿ ನಡೆಸುವುದು ಫಿಸಿಯೋಥೆರಪಿಯವರ ಕೆಲಸ. ನೀವು ಮಾಡುವುದೇನು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಆ ವರ್ಷ ಕಾಲೇಜಿನವರು ಹೊಸದೊಂದು ಏರ್ಪಾಡು ಮಾಡಿದರು. ಬೇರೆ ಬೇರೆ ಕಟ್ಟಡಗಳಲ್ಲಿ ಕೂತು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಮಾತಾಡಿಕೊಳ್ಳುತ್ತಿದ್ದ ನಮ್ಮನ್ನೂ ಫಿಸಿಯೋದವರನ್ನೂ ಜೋಡಿ ಜೋಡಿ ಮಾಡಿ, ಆಸ್ಪತ್ರೆಯಿಂದ ಬಿಡುಗಡೆಯಾದವರ ಮನೆಗಳಿಗೆ ಕಳಿಸಿದರು. ಹನ್ನೆರಡು ವಾರ, ವಾರಕ್ಕೆ ಎರಡು ಸಲ. "ನಿಮ್ಮ ಕೆಲಸ ಅವರು ಕಲೀಬೇಕು, ಅವರ ಕೆಲಸ ನೀವು ಕಲೀಬೇಕು," ಎಂದರು ನಮ್ಮ ಮೇಡಂ. ಒಂದು ಮನೆಗೆ ಒಂದೇ ಪುಸ್ತಕ. ಅವರಿಗೆ ನೀಲಿ ಪೆನ್ನು, ನಮಗೆ ಹಸಿರು. ಪ್ರತಿ ಪುಟದ ಕೆಳಗೆ ಇಬ್ಬರ ಸಹಿ ಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕಬೇಕು. ಪುಸ್ತಕ ರೋಗಿಯ ಮನೆಯಲ್ಲೇ ಇರುತ್ತದೆ, ಮನೆಯವರು ಯಾರು ಬೇಕಾದರೂ ಓದಬಹುದು. ರೋಗಿ ಯಾರ ನೆರವಿಲ್ಲದೆ ಮಾಡಬೇಕಾದ ಕೆಲಸಗಳ ಪಟ್ಟಿ ಅದರಲ್ಲಿದೆ. ಆ ಎಲ್ಲ ಕೆಲಸಗಳ ಮುಂದೆ 'ಸ್ವತಂತ್ರ' ಎಂದು ಬಿದ್ದ ದಿನ ನಮ್ಮ ಭೇಟಿಗಳು ಮುಗಿಯುತ್ತವೆ, ಆಮೇಲೆ ಆ ಮನೆಗೆ ಹೋಗುವಂತಿಲ್ಲ.

ನನ್ನ ಪಾಲಿಗೆ ಬಂದ ಫಿಸಿಯೋ ಹುಡುಗ ಉದ್ದಕ್ಕೆ, ಮಾತು ಕಡಿಮೆ, ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಟೇಪು. ಅವನಿಗೆ ಮನುಷ್ಯರ ಹೆಸರಿಗಿಂತ ಮೊದಲು ಬೇಕಾಗುವುದು ಮೆಟ್ಟಿಲಿನ ಲೆಕ್ಕ. ರೋಗಿಯ ವಿಳಾಸ ಕೈಗೆ ಬಂದಾಗಲೂ ಅವನು ಕೇಳಿದ ಮೊದಲ ಮಾತು, "ಎಷ್ಟು ಮೆಟ್ಟಿಲು?"

ಹದಿನೆಂಟು. ಅವುಗಳ ತುದಿಯಲ್ಲಿ ಎರಡು ಕೋಣೆಯ ಮನೆ, ಅದರಲ್ಲಿ ಕಂಡಕ್ಟರಮ್ಮ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ಕೆಲಸ ಮಾಡಿ ನಿವೃತ್ತಿಯಾದವರು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಗಂಟಲಿಗೆ ಮಾತ್ರ ಏನೂ ಆಗಿರಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ನೀನು ಮೊದಲು ನೀನು ಮೊದಲು ಎಂದು ಹಿಂಜರಿಯುತ್ತಿದ್ದಾಗ ಒಳಗಿನಿಂದ ಗುಡುಗಿದರು: "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಮುಂದೆ ಜಾಗ ಇದೆ!"

ಮದುವೆ ಆಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಬಂದೋರೆಲ್ಲ ಮುಂದಿನ ಸ್ಟಾಪಲ್ಲಿ ಇಳ್ಕೊಂಡ್ರು." ಬೇರೆ ಊರಿನಲ್ಲಿ ಒಬ್ಬ ತಮ್ಮ. ಮನೆಯಲ್ಲಿ ಅವರೊಬ್ಬರೇ. ಕಿಟಕಿಯ ಪಕ್ಕ ಒಂದು ಕುರ್ಚಿ, ಕಿಟಕಿಯ ಕೆಳಗೆ ರಸ್ತೆ, ರಸ್ತೆಯಾಚೆ ಬಸ್ ನಿಲ್ದಾಣ. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಕೂತಲ್ಲಿಂದಲೇ ಬೈಯುತ್ತಿದ್ದರು.

ಮೊದಲ ದಿನ ನಾವು ತುಂಬಿಸುವ ಒಂದು ಫಾರಂ ಇದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಊಟ ಯಾರ ಜೊತೆ, ಚಹಾ ಎಲ್ಲಿ ಕೂತು ಕುಡಿಯುತ್ತೀರಿ, ರಜೆಯ ದಿನ ಯಾರ ಹತ್ತಿರ ಮಾತಾಡುತ್ತೀರಿ, ಹೀಗೆ ಹನ್ನೊಂದು ಪ್ರಶ್ನೆ. ಅವನು ಅವರ ಮೊಣಕಾಲು ಎಷ್ಟು ಬಾಗುತ್ತದೆಂದು ಅಳೆಯುತ್ತಿದ್ದ, ನಾನು ಕೇಳುತ್ತಿದ್ದೆ. ಕಂಡಕ್ಟರಮ್ಮ ಹನ್ನೊಂದಕ್ಕೂ ಉತ್ತರ ಹೇಳಿ, "ಸರಿ, ಈಗ ನೀನು ಹೇಳು," ಎಂದರು.

"ನಂದೇನಿದೆ ಅಮ್ಮ, ಕಾಲೇಜು, ಗೆಳತಿಯರು," ಎಂದೆ.

ಹಸಿ ಸುಳ್ಳು. ಕೊನೆಯ ವರ್ಷಕ್ಕೆ ಕಾಲೇಜು ಬದಲಿಸಿ ಆ ಊರಿಗೆ ಬಂದು ಐದು ತಿಂಗಳಾಗಿತ್ತು. ಹಳೆಯ ಕಾಲೇಜಿನ ಗೆಳತಿಯರು ಮೊದಮೊದಲು ದಿನವೂ ಫೋನ್ ಮಾಡುತ್ತಿದ್ದವರು ಆಮೇಲೆ ಹುಟ್ಟುಹಬ್ಬಕ್ಕೆ ಮಾತ್ರ ಉಳಿದರು. ಬಾಡಿಗೆ ಕೋಣೆಯಲ್ಲಿ ನನಗಿದ್ದದ್ದು ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಕುರ್ಚಿಯ ಮೇಲೆ ಒಗೆಯದ ಬಟ್ಟೆ. ಚಹಾ ಒಲೆಯ ಮುಂದೆಯೇ ನಿಂತು ಕುಡಿದು, ಲೋಟ ಅಲ್ಲೇ ತೊಳೆದು ಬೋರಲು ಹಾಕುತ್ತಿದ್ದೆ. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ಬಾಯಿ ಬಿಡುವ ಪ್ರಸಂಗವೇ ಇರುತ್ತಿರಲಿಲ್ಲ. ಸೋಮವಾರದ ನನ್ನ ಮೊದಲ ಮಾತು ಗೊಗ್ಗರು ದನಿಯಲ್ಲಿ ಹೊರಡುತ್ತಿತ್ತು. ಆ ಮಾತು ಕೇಳುತ್ತಿದ್ದವರು ಕಂಡಕ್ಟರಮ್ಮ, ಏಕೆಂದರೆ ನಮ್ಮ ದಿನಗಳು ಸೋಮವಾರ ಮತ್ತು ಗುರುವಾರ. "ಏನಮ್ಮಾ, ನೆಗಡೀನಾ?" ಎಂದು ಪ್ರತಿ ಸೋಮವಾರ ಕೇಳುತ್ತಿದ್ದರು. ಹೌದಮ್ಮ ಎನ್ನುತ್ತಿದ್ದೆ. ಹನ್ನೊಂದು ವಾರವೂ ನೆಗಡಿಯಿದ್ದ ಹುಡುಗಿ ನಾನೊಬ್ಬಳೇ ಇರಬೇಕು.

ಐದನೆಯ ವಾರದ ಹೊತ್ತಿಗೆ ಅವನು ನೀಲಿಯಲ್ಲಿ ಬರೆದ: 'ಬಲಗೈಯಲ್ಲಿ ಕೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ, ಸ್ವತಂತ್ರ.' ನಾನು ಹಸಿರಿನಲ್ಲಿ ಬರೆದೆ: 'ಒಂದು ಕೈಯಲ್ಲಿ ಚಹಾ ಮಾಡುತ್ತಾರೆ, ಸ್ವತಂತ್ರ.' ಅವನದಕ್ಕೆ ನಾನು, ನನ್ನದಕ್ಕೆ ಅವನು ಕಣ್ಣು ಮುಚ್ಚಿ ಸಹಿ ಹಾಕಿದೆವು. ಕಾಲು ಅವನ ಇಲಾಖೆ, ಲೋಟ ನನ್ನ ಇಲಾಖೆ.

ಏಳನೆಯ ವಾರದ ಸೋಮವಾರ ಕಂಡಕ್ಟರಮ್ಮ ನಮ್ಮಿಬ್ಬರನ್ನೂ ಅಡುಗೆಮನೆಯ ಬಾಗಿಲಿಗೆ ಕರೆದರು. "ನೀವಿಬ್ರೂ ಬುದ್ಧಿವಂತರೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ನಂಗಿರೋದು ಒಂದೇ ನೆಟ್ಟಗಿರೋ ಕೈ. ಈ ಅಳತೆಪಟ್ಟಿ ಅದಕ್ಕೆ ಕೋಲು ಕೊಟ್ಟ. ನೀನು ಅದೇ ಕೈಗೆ ಲೋಟ ಕೊಟ್ಟೆ. ನಡೆದ್ರೆ ಚಹಾ ಇಲ್ಲ, ಚಹಾ ಹಿಡಿದ್ರೆ ನಡೆಯೋ ಹಾಗಿಲ್ಲ. ಎರಡು ವಾರದಿಂದ ಇಲ್ಲೇ ಗೋಡೆ ನೋಡ್ಕೊಂಡು ನಿಂತು ಕುಡೀತಾ ಇದ್ದೀನಿ."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಮೆಟ್ಟಿಲಿಳಿಯುತ್ತಾ ಇಬ್ಬರೂ ಜಗಳವಾಡಿದೆವು. ಅವನು ಚಕ್ರದ ಮೇಜು ಎಂದ. ನಡುವೆ ಹೊಸ್ತಿಲಿದೆ, ಅದು ದಾಟುವುದಿಲ್ಲ ಎಂದೆ. ನಾನು ಮುಚ್ಚಳದ ಬಾಟಲಿಯನ್ನು ಕೊರಳಿಗೆ ನೇತುಹಾಕೋಣ ಎಂದೆ. ಗುರುವಾರ ಅದನ್ನು ತೋರಿಸಿದಾಗ ಕಂಡಕ್ಟರಮ್ಮ, "ನಾನೇನು ಅಂಗನವಾಡಿಗೆ ಹೊರಟಿದ್ದೀನಾ?" ಎಂದು ಬಾಟಲಿಯನ್ನು ನನ್ನ ಕೊರಳಿಗೇ ಹಾಕಿ ಕಳಿಸಿದರು. ಕೊನೆಗೆ ಪಟ್ಟಿಗೆ ಹೊಸದೊಂದು ಸಾಲು ಸೇರಿಸಿದೆ: 'ಚಹಾದ ಲೋಟವನ್ನು ಅಡುಗೆಮನೆಯಿಂದ ಕುರ್ಚಿಯವರೆಗೆ ಒಯ್ಯುವುದು.' ಏಳು ಹೆಜ್ಜೆಯ ದಾರಿ. ಅದರ ಮುಂದೆ ಬರೆದೆ: 'ಇನ್ನೂ ಅಭ್ಯಾಸ ಬೇಕು.'

ಎಂಟನೆಯ ವಾರದ ಸೋಮವಾರ ಅಳತೆಪಟ್ಟಿಗೆ ಜ್ವರ, ನಾನೊಬ್ಬಳೇ ಹೋದೆ. ಕಂಡಕ್ಟರಮ್ಮ ನನ್ನನ್ನು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, "ಅಲ್ಲಾಡಬೇಡ" ಎಂದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಂಡರು. ಕೋಲು ಬಲ ಮೊಣಕೈಗೆ ನೇತಾಡುತ್ತಿತ್ತು, ಬಲಗೈಯಲ್ಲಿ ಲೋಟ. ಎಡ ಭುಜ, ಎಡ ಸೊಂಟ ಎರಡನ್ನೂ ಗೋಡೆಗೆ ಒರಗಿಸಿದ್ದರು. ಕಾಲು ಅಗಲಿಸಿ, ಭುಜವನ್ನು ಗೋಡೆಗೆ ಉಜ್ಜುತ್ತಾ ಒಂದೊಂದೇ ಹೆಜ್ಜೆ ಬಂದರು. ತುಂಬಿದ ಬಸ್ಸಿನಲ್ಲಿ, ಸೀಟುಗಳ ಅಂಚಿಗೆ ಸೊಂಟ ಕೊಟ್ಟು, ಎರಡೂ ಕೈ ಬಿಟ್ಟು ಟಿಕೆಟು ಹರಿಯುವ ಹೆಂಗಸಿನ ನಡಿಗೆ ಅದು. ಒಂದು ಹನಿ ಚೆಲ್ಲಲಿಲ್ಲ. ಲೋಟ ನನ್ನ ಕೈಗೆ ಕೊಟ್ಟು, ಕೋಲೂರಿ ಹಿಂದೆ ಹೋಗಿ ಇನ್ನೊಂದು ಲೋಟ ತಂದರು.

"ಹೋಗುವಾಗ ಕೋಲು, ಬರುವಾಗ ಗೋಡೆ," ಎಂದು ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಾ ನಕ್ಕರು. "ಅಳತೆಪಟ್ಟಿಗೆ ಹೇಳಬೇಡ. ಕೋಲು ಬಿಟ್ಟೆ ಅಂತ ಅವನ ಮುಖ ಸಪ್ಪಗಾಗುತ್ತೆ. ನೀನು ಬರ್ಕೊಂಡ್ರೆ ಸಾಕು."

ಇಬ್ಬರೂ ಕೂತು ಚಹಾ ಕುಡಿದೆವು. ಏಳು ತಿಂಗಳಲ್ಲಿ ಯಾರಾದರೂ ನನಗೆಂದು ಚಹಾ ಮಾಡಿ ಕೈಗೆ ಕೊಟ್ಟದ್ದು ಅದೇ ಮೊದಲು. ಕೆಳಗೆ ಬಸ್ಸು ಬಂತು, ಹೋಯಿತು, ಅವರು ಬೈದರು, ನಾನು ನಕ್ಕೆ. ಆಮೇಲೆ ಪುಸ್ತಕ ತೆರೆದೆ. ಪಟ್ಟಿಯಲ್ಲಿ ಉಳಿದಿದ್ದದ್ದು ಅದೊಂದೇ ಸಾಲು. ಅದರ ಮುಂದೆ 'ಸ್ವತಂತ್ರ' ಎಂದು ಬರೆದರೆ ಬರುವ ಸೋಮವಾರ ನನಗೆ ಹೋಗಲು ಎಲ್ಲೂ ಜಾಗವಿಲ್ಲ. ಹಸಿರು ಪೆನ್ನು ತೆಗೆದು 'ಇನ್ನೂ ಅಭ್ಯಾಸ ಬೇಕು' ಎಂದು ಬರೆದೆ. ಫಿಸಿಯೋ ನೋಡದೆ ಹೇಗೆ ಬರೆಯಲಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನೋಡು ಎಂದು ಅವನಿಗೆ ಹೇಳಲೂ ಇಲ್ಲ. ಗುರುವಾರ ಬಂದ ಅವನು ಆ ಪುಟಕ್ಕೆ ಯಾವತ್ತಿನಂತೆ ನೋಡದೆ ಸಹಿ ಹಾಕಿದ.

ಮೂರು ವಾರ ಹಾಗೆಯೇ ಕಳೆಯಿತು. ಅವನು ಬರುವ ಮೊದಲೇ ಅರ್ಧ ಗಂಟೆ ನಾನು ಹಾಜರು. ಎರಡು ಲೋಟ ಬರುತ್ತಿದ್ದವು, ಕುಡಿಯುತ್ತಿದ್ದೆವು, ನಾನು ಲೋಟ ತೊಳೆದಿಡುತ್ತಿದ್ದೆ. ಆಮೇಲೆ ಅದೇ ಮೂರು ಪದ ಬರೆಯುತ್ತಿದ್ದೆ. ಕಂಡಕ್ಟರಮ್ಮ ಪುಸ್ತಕ ಮುಟ್ಟುತ್ತಿರಲಿಲ್ಲ. "ನಿಮ್ಮ ಪುಸ್ತಕ ನಿಮಗೆ," ಎನ್ನುತ್ತಿದ್ದರು. ನನ್ನ ಮೇಲೆ ಅಷ್ಟು ನಂಬಿಕೆ.

ಹನ್ನೊಂದನೆಯ ವಾರದ ಗುರುವಾರ ನಾವಿಬ್ಬರೂ ಒಳಗೆ ಹೋದಾಗ ಯಾರೂ 'ಮುಂದೆ ಜಾಗ ಇದೆ' ಎನ್ನಲಿಲ್ಲ. ಕಂಡಕ್ಟರಮ್ಮ ಮಂಚದ ಮೇಲೆ ಕೂತಿದ್ದರು. ನೆಲದ ಮೇಲೆ ತೆರೆದ ಟ್ರಂಕು, ಅದರ ಪಕ್ಕದಲ್ಲಿ ಸೀರೆ ಮಡಚುತ್ತಾ ಒಬ್ಬ ನರೆತ ಗಂಡಸು. ಅವರ ತಮ್ಮ, ಹಿಂದಿನ ದಿನ ಬಂದವರು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿದ್ದೇ ತೊಂದರೆಯಾಗಿತ್ತು, ಜಗಳವಾಡಲಿಕ್ಕೂ ಆಗುವಂತಿರಲಿಲ್ಲ.

"ನೀವೇ ಬರ್ದಿದ್ದೀರಲ್ಲ," ಎಂದು ಪುಸ್ತಕ ನನ್ನೆದುರು ಹಿಡಿದರು. "ಒಂದು ಲೋಟ ಚಹಾ ತಗೊಂಡು ಬಂದು ಕೂತು ಕುಡಿಯೋಕೂ ಆಗಲ್ಲ ಅಂದ್ರೆ ಅಕ್ಕನ್ನ ಹೇಗೆ ಒಬ್ಬಳೇ ಬಿಡ್ಲಿ? ಅವಳು ಆಗುತ್ತೆ ಅಂತಾಳೆ. ನಿನ್ನೆ ತೋರಿಸ್ತೀನಿ ಅಂತ ಹಠ ಮಾಡಿ ಹೊರಟ್ಳು, ಮಧ್ಯದಲ್ಲೇ ಲೋಟ ಬಿತ್ತು. ಓದಿದೋರು ಬರೆದಿರೋದು ಸುಮ್ನೇನಾ? ನಮ್ಮ ಮನೆ ಹಿಂದುಗಡೆ ಕೋಣೆ ಖಾಲಿ ಇದೆ, ಅಲ್ಲಿರ್ತಾಳೆ. ಶನಿವಾರ ನಿಮ್ಮ ಮೇಡಂ ಬರ್ತಾರಂತೆ, ಅವರಿಗೂ ಹೇಳಿ ಭಾನುವಾರ ಹೊರಡ್ತೀವಿ."

"ಆ ಕೋಣೆಗೆ ಕಿಟಕಿ ಇಲ್ಲ ಕಣೋ," ಎಂದರು ಕಂಡಕ್ಟರಮ್ಮ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ತಮ್ಮ ನೀರು ತರಲು ಒಳಗೆ ಹೋದರು. ಅಳತೆಪಟ್ಟಿ ಟ್ರಂಕು ನೋಡುತ್ತಾ ಬಾಗಿಲಲ್ಲೇ ನಿಂತಿದ್ದ. ಕಂಡಕ್ಟರಮ್ಮ ನನ್ನ ಕಡೆ ಬಗ್ಗಿದರು. "ನೀನು ನೋಡಿದ್ದೆ ಅಲ್ವಾ?"

"ನೋಡಿದ್ದೆ ಅಮ್ಮ."

"ಮತ್ತೆ?"

ತಮ್ಮ ನೀರು ತಂದರು. ನಾನು ಕುಡಿದು, ಹೋಗಿ ಬರುತ್ತೇನೆ ಎಂದೂ ಹೇಳದೆ ಹದಿನೆಂಟು ಮೆಟ್ಟಿಲಿಳಿದೆ.

ಆ ಎರಡು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ನಿಜ ಹೇಳಿದರೆ ಕೋರ್ಸು ಕೈತಪ್ಪಬಹುದು ಎಂಬ ಭಯ ಇತ್ತು, ಆದರೆ ಅದು ದೊಡ್ಡದಾಗಿರಲಿಲ್ಲ. ಯಾಕೆ ಹಾಗೆ ಬರೆದೆ ಎಂದು ನಾಲ್ಕು ಜನರೆದುರು ಹೇಳಬೇಕಲ್ಲ, ಅದು ದೊಡ್ಡದು. ಕದ್ದೆ ಎಂದು ಹೇಳಿಕೊಳ್ಳಬಹುದು. ಮಾತಾಡಲು ಯಾರೂ ಇಲ್ಲ ಎಂದು ಹೇಳಿಕೊಳ್ಳುವುದು ಹೇಗೆ?

ಶನಿವಾರ ಆ ಸಣ್ಣ ಕೋಣೆಯಲ್ಲಿ ಐದು ಜನ ಸೇರಿದ್ದೆವು. ಟ್ರಂಕಿಗೆ ಬೀಗ ಬಿದ್ದಿತ್ತು. ಮೇಡಂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, "ಎಲ್ಲ ಆಗಿದೆ, ಇದೊಂದು ಉಳಿದಿದೆ," ಎಂದು ಹಸಿರು ಸಾಲಿನ ಮೇಲೆ ಬೆರಳಿಟ್ಟರು. "ನಾಲ್ಕು ವಾರದಿಂದ ಒಂದೇ ಮಾತು. ಏನೂ ಸುಧಾರಿಸಿಲ್ವಾ?"

"ಆ ಕೆಲಸ ಅವರಿಗೆ ಬಂದು ಮೂರು ವಾರ ಆಯ್ತು ಮೇಡಂ," ಎಂದೆ. "ನಾನು ಬರೀಲಿಲ್ಲ."

ಅಳತೆಪಟ್ಟಿ ಸರಕ್ಕನೆ ತಿರುಗಿ ನನ್ನನ್ನು ನೋಡಿದ. ಮೇಡಂ ಕನ್ನಡಕ ತೆಗೆದರು. "ಯಾಕೆ?"

"ಬರೆದ್ರೆ ಇಲ್ಲಿಗೆ ಬರೋದು ನಿಂತುಹೋಗುತ್ತೆ. ನಂಗೆ... ಈ ಊರಲ್ಲಿ ಹೋಗೋಕೆ ಬೇರೆ ಮನೆ ಇಲ್ಲ."

ಕೆಳಗೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರಮ್ಮ ಅದನ್ನು ಬೈಯಲಿಲ್ಲ. ಗೋಡೆಯ ಬದಿಯ ಆ ನಡಿಗೆಯನ್ನು ನಾನು ವಿವರಿಸಲು ಹೊರಟೆ, ಆದರೆ ಅಳತೆಪಟ್ಟಿ ತಡೆದ. "ನಾನೂ ಸಹಿ ಹಾಕಿದ್ದೀನಿ ಮೇಡಂ, ನೋಡದೆ," ಎಂದ. ಆಮೇಲೆ ಕಂಡಕ್ಟರಮ್ಮನ ಕಡೆ ತಿರುಗಿ, "ಅಮ್ಮ, ಒಂದ್ಸಲ ಮಾಡ್ತೀರಾ? ನಾನು ನೋಡ್ತೀನಿ. ಅವಸರ ಏನಿಲ್ಲ."

ಅವರು ಎದ್ದರು. ಕೋಲೂರಿ ಅಡುಗೆಮನೆಗೆ ಹೋದರು. ಒಲೆ ಹೊತ್ತಿತು, ನೀರು ಕುದಿಯಿತು. ತಮ್ಮ ಎರಡು ಸಲ ಏಳಲು ಹೋದರು, ಮೇಡಂ ಕೈಸನ್ನೆಯಿಂದ ಕೂರಿಸಿದರು. ಕಂಡಕ್ಟರಮ್ಮ ಬಾಗಿಲಲ್ಲಿ ಕಂಡರು, ಗೋಡೆಗೆ ಭುಜ ಕೊಟ್ಟು. ಹೊಸ್ತಿಲು ದಾಟಿದರು. ಅಳತೆಪಟ್ಟಿ ಅವರ ಪಕ್ಕದಲ್ಲಿ ಮುಟ್ಟದೆ, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ಹೆಜ್ಜೆ ಹಾಕಿದ. ನಾನು ಮೊದಲ ಬಾರಿಗೆ ಲೋಟ ಬಿಟ್ಟು ಅವರ ಕಾಲು ನೋಡಿದೆ. ಅವನು ಮೊದಲ ಬಾರಿಗೆ ಕಾಲು ಬಿಟ್ಟು ಲೋಟ ನೋಡಿದ. ಏಳನೆಯ ಹೆಜ್ಜೆಗೆ ಲೋಟವನ್ನು ತಮ್ಮನ ಕೈಗೆ ಕೊಟ್ಟು, "ತಗೋ," ಎಂದರು. "ಇನ್ನು ಟ್ರಂಕ್ ಬೀಗ ತೆಗಿ."

ತಮ್ಮ ಬಿಸಿ ಲೋಟ ಹಿಡಿದುಕೊಂಡು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದರು.

ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಹನ್ನೊಂದು ವಾರ ನಿಂಗೆ ಲೆಕ್ಕಕ್ಕಿಲ್ಲ, ಇನ್ನೊಂದು ಮನೇಲಿ ಮತ್ತೆ ಮಾಡ್ಬೇಕು," ಎಂದರು. ನಾನೇ ಹಸಿರಿನಲ್ಲಿ 'ಸ್ವತಂತ್ರ' ಎಂದು ಬರೆದೆ. ಅಳತೆಪಟ್ಟಿ ಕೆಳಗೆ ಸಹಿ ಹಾಕಿದ. ಅಲ್ಲಿಗೆ ನಮ್ಮ ಭೇಟಿ ಮುಗಿಯಿತು.

ಎಲ್ಲರೂ ಏಳುವಾಗ ಕಂಡಕ್ಟರಮ್ಮ, "ನೀನು ಕೂತ್ಕೋ," ಎಂದು ನನಗೆ ಸ್ಟೂಲು ತೋರಿಸಿದರು. ಮುಖ ಇನ್ನೂ ಬಿಗಿಯಾಗಿತ್ತು. ಪುಸ್ತಕದ ಕೊನೆಯ ಖಾಲಿ ಹಾಳೆ ಹರಿದು, ತೊಡೆಯ ಮೇಲಿಟ್ಟುಕೊಂಡು, ನನ್ನ ಹಸಿರು ಪೆನ್ನಿಗೆ ಕೈ ಚಾಚಿದರು.

"ಊಟ ಯಾರ ಜೊತೆ?"

"ಒಬ್ಬಳೇ."

"ಚಹಾ ಎಲ್ಲಿ ಕೂತು ಕುಡೀತೀಯ?"

"ಕೂರಲ್ಲ. ಒಲೆ ಮುಂದೆ ನಿಂತು."

"ರಜೆ ದಿನ ಮಾತು?"

ಇಲ್ಲವೆಂದು ತಲೆಯಾಡಿಸಿದೆ. "ಹಂಗಾದ್ರೆ ಸೋಮವಾರದ ನೆಗಡಿ ಇದು," ಎಂದರು. ಬರೆದುಕೊಂಡರು. ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದು ಹೋಗುತ್ತಿರು ಎಂದು ಕರೆಯಲಿಲ್ಲ. ಭೇಟಿ ಮುಗಿದ ಮನೆಗೆ ನಾವು ಮತ್ತೆ ಹೋಗುವಂತಿಲ್ಲ ಎಂಬ ನಿಯಮ ಅವರಿಗೂ ಗೊತ್ತಿತ್ತು. ಹಾಳೆಯ ಕೆಳಗೆ ಸಹಿ ಹಾಕಿ, ಅದನ್ನು ಅಳತೆಪಟ್ಟಿಯ ಮುಂದೆ ಹಿಡಿದರು. ಅವನು ಅಭ್ಯಾಸಬಲದಿಂದ ಪೆನ್ನು ತೆಗೆದ.

"ಮತ್ತೆ ನೋಡದೇನೇ ಹಾಕ್ತೀಯಾ?" ಎಂದು ಗದರಿದರು. ಅವನು ಪೆನ್ನು ಜೇಬಿಗಿಟ್ಟ. ಹಾಳೆ ನನ್ನ ಕೈಗೆ ಬಂತು. ಕೊನೆಯ ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಇನ್ನೂ ಅಭ್ಯಾಸ ಬೇಕು.'

ಕೆಳಗೆ ರಸ್ತೆಯಲ್ಲಿ ಅವನೂ ನಾನೂ ಸ್ವಲ್ಪ ದೂರ ನಡೆದೆವು. "ನಂಗೆ ಹೇಳಬಹುದಿತ್ತು," ಎಂದ.

"ಏನಂತ?"

ಅವನ ದಾರಿ ಬಲಕ್ಕೆ, ನನ್ನದು ಎಡಕ್ಕೆ. ತಿರುವಿನಲ್ಲಿ ನಿಂತು ಕಾಲಿಂದ ಕಲ್ಲು ಸರಿಸುತ್ತಾ ಯೋಚಿಸಿದ. ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದ. "ನಿನ್ ರೂಮಿಗೆ ಎಷ್ಟು ಮೆಟ್ಟಿಲು?"

ಏಳು ತಿಂಗಳು ಹತ್ತಿ ಇಳಿದಿದ್ದೆ, ಒಮ್ಮೆಯೂ ಎಣಿಸಿರಲಿಲ್ಲ. ಗೊತ್ತಿಲ್ಲ ಎಂದೆ. ಅವನು ತಲೆಯಾಡಿಸಿ ಹೋದ.

ಮನೆಗೆ ಬಂದು ಎಣಿಸುತ್ತಾ ಹತ್ತಿದೆ. ನಲವತ್ತೊಂದು. ಬಾಗಿಲು ತೆಗೆದು, ಕುರ್ಚಿಯ ಮೇಲಿನ ಬಟ್ಟೆ ತೆಗೆದು ಬಕೆಟ್ಟಿಗೆ ಹಾಕಿದೆ. ಹಾಳೆಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದೆ. ಒಂದು ಸಹಿ, ಅದರ ಪಕ್ಕದಲ್ಲಿ ಇನ್ನೊಂದಕ್ಕೆ ಬಿಟ್ಟ ಖಾಲಿ ಜಾಗ. ಮರುದಿನ ಭಾನುವಾರ. ಬೆಳಿಗ್ಗೆ ಹತ್ತರವರೆಗೆ ಫೋನು ಕೈಯಲ್ಲಿ ಹಿಡಿದುಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದೆ. ಆಮೇಲೆ ಅಳತೆಪಟ್ಟಿಯ ನಂಬರು ಒತ್ತಿದೆ. ಅವನು ಹಲೋ ಎಂದಾಗ ನನ್ನ ದನಿ ಗೊಗ್ಗರಾಗಿಯೇ ಹೊರಟಿತು.

"ನಲವತ್ತೊಂದು," ಎಂದೆ.